ಕಟ್ಟೆ ದಾಟದ ಮಾತು

ಎಣ್ಣೆ ಕುಡಿದು ಹಳತಾದ ಕೂದಲಿಗೆ ನೀರು ಬಿದ್ದರೆ ಒಂದು ವಾಸನೆ ಏಳುತ್ತದೆ. ಕೂದಲಿನ ಕಸುಬಿನ ನಮ್ಮೂರು ಭಾಗ್ಯನಗರದಲ್ಲಿ ಬೆಳೆದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ, ಉಳಿದವರಿಗೆ ಹೇಳಿದರೆ ಮೂಗು ಮುಚ್ಚಿಕೊಳ್ಳುತ್ತಾರೆ. ಮೊನ್ನೆ ಮದುವೆಯೊಂದಕ್ಕೆ ಆ ಕಡೆ ಹೋದಾಗ ಯಾರದೋ ಹಿತ್ತಲಿನಿಂದ ಆ ವಾಸನೆ ಬಂತು. ಜೊತೆಗಿದ್ದವಳು ಸೆರಗು ಮೂಗಿಗೆ ಹಿಡಿದಳು, ನಾನು ಅಲ್ಲೇ ನಿಂತುಬಿಟ್ಟೆ. ನಮ್ಮ ಮನೆ ಇದ್ದ ಜಾಗದಲ್ಲಿ ಈಗ ಕೆಳಗೆ ಮೊಬೈಲ್ ಅಂಗಡಿ, ಮೇಲೆ ಬಾಡಿಗೆ ಕೋಣೆಗಳು. ಆಗ ಅಲ್ಲೊಂದು ಬೇವಿನ ಮರವಿತ್ತು. ಪಾತ್ರೆ ಕೊಟ್ಟು ಊರೂರಿನ ಹೆಂಗಸರ ಉದುರಿದ ಕೂದಲು ಕೊಳ್ಳುವವರು ಚೀಲಗಟ್ಟಲೆ ತಂದು ಅದರ ಬುಡದಲ್ಲಿ ಸುರಿಯುತ್ತಿದ್ದರು. ಅವ್ವ, ನನ್ನ ಒಡಹುಟ್ಟಿದ ಶಾಂತಕ್ಕ, ಓಣಿಯ ನಾಲ್ಕಾರು ಹೆಂಗಸರು ನೆರಳಲ್ಲಿ ಕೂತು ಸೂಜಿಯಿಂದ ಗಂಟು ಬಿಡಿಸಿ, ಉದ್ದ ನೋಡಿ ಬೇರೆ ಮಾಡಿ ಕಟ್ಟಿಡುತ್ತಿದ್ದರು. ರೊಟ್ಟಿಯಲ್ಲೂ ಒಂದೆಳೆ ಸಿಗುತ್ತಿತ್ತು. ಎಳೆದು ಹಾಕಿ ಉಣ್ಣುತ್ತಿದ್ದೆವು.

ಹಿತ್ತಲು ಹೆಂಗಸರದ್ದಾದರೆ ಮುಂದಿನ ಕಟ್ಟೆ ನಮ್ಮ ದೊಡ್ಡಪ್ಪನದು. ಬೆಳಗಿನಿಂದ ಸಂಜೆಯವರೆಗೆ ಕಲ್ಲಿಗೆ ಬೆನ್ನು ಕೊಟ್ಟು, ಎಲೆ ಅಡಿಕೆ ಜಗಿಯುತ್ತಾ ಅಲ್ಲೇ ಕೂತಿರುತ್ತಿದ್ದ. ಅಪ್ಪ ಅಣ್ಣನ ಮಾತಿಗೆ ಹೂಂ ಅನ್ನುವುದನ್ನೇ ಉದ್ಯೋಗ ಮಾಡಿಕೊಂಡಿದ್ದ. ಅವ್ವ ಭಾವನ ಮುಂದೆ ತಲೆ ಮೇಲಿನ ಸೆರಗು ಜಾರಲು ಬಿಟ್ಟವಳಲ್ಲ, ಎದುರು ನಿಂತು ಮಾತಾಡುವುದಂತೂ ದೂರ. ನಿಮ್ಮ ಮನೆಗೂ ಇಂಥದೊಂದು ಕಟ್ಟೆ, ಅದರ ಮೇಲೆ ಇಂಥ ಒಬ್ಬ ಯಜಮಾನ ಇದ್ದಿರಬೇಕು. ಎರಡೂ ಇಲ್ಲದಾದವೆಂದು ನೀವು ಮರುಗಿರಲೂಬಹುದು. ನನಗೆ ಕಟ್ಟೆ ಹೋದದ್ದಕ್ಕೆ ದುಃಖವಿದೆ, ಯಜಮಾನ ಹೋದದ್ದಕ್ಕೆ ಇಲ್ಲ.

ಶಾಂತಕ್ಕ ಏಳನೇ ತರಗತಿಯಲ್ಲಿದ್ದಳು, ಓದಿನಲ್ಲಿ ಮುಂದು. ಅವಳ ಬೆರಳೂ ಅಷ್ಟೇ ಚುರುಕು, ಎಂಥ ಸಿಕ್ಕಿದ್ದರೂ ಒಂದೆಳೆ ಹರಿಯದಂತೆ ಬಿಡಿಸುವಳು. ಆ ಬೆರಳೇ ಅವಳಿಗೆ ಮುಳುವಾಯಿತು. ದಸರಾ ರಜೆ ಮುಗಿದ ಮೇಲೆ ದೊಡ್ಡಪ್ಪ ಅವಳನ್ನು ಶಾಲೆಗೆ ಕಳಿಸಲಿಲ್ಲ. ನಾನಿನ್ನೂ ಅಂಗಳದಲ್ಲಿ ಆಡುವ ವಯಸ್ಸಿನವಳು. ಅಕ್ಕ ಪಾಟಿಚೀಲ ಮೊಳೆಗೆ ತೂಗುಹಾಕಿ ಹಿತ್ತಲಿಗೆ ನಡೆದದ್ದು ಮಾತ್ರ ನೆನಪಿದೆ.

ಆಗ ಶಾಲೆ ಬಿಟ್ಟ ಹುಡುಗಿಯರ ಮನೆಗೆ ಹೋಗಿ ಪಾಲಕರಿಗೆ ತಿಳಿಹೇಳಬೇಕೆಂದು ಮಾಸ್ತರರಿಗೆ ಮೇಲಿನಿಂದ ಆಜ್ಞೆಯಾಗಿತ್ತು. ಹೋಗಿ ಬಂದದ್ದಕ್ಕೆ ಗುರುತಾಗಿ ಆ ಮನೆಯ ಬಾಗಿಲ ಚೌಕಟ್ಟಿನ ಮೇಲೆ ಸೀಮೆಸುಣ್ಣದಲ್ಲಿ ತಾರೀಖು ಬರೆದು ಗೀಟು ಎಳೆಯಬೇಕು. ತಪಾಸಣೆಯ ಸಾಹೇಬರು ಓಣಿಯಲ್ಲಿ ನಡೆಯುತ್ತಾ ಬಾಗಿಲುಗಳನ್ನೇ ಓದಿಕೊಂಡು ಹೋಗುತ್ತಿದ್ದರು. ಹನುಮಂತಪ್ಪ ಮಾಸ್ತರರು ಕಳ್ಳಾಟದ ಮನುಷ್ಯರಲ್ಲ. ಬಿಸಿಲಲ್ಲಿ ಸೈಕಲ್ ತಳ್ಳಿಕೊಂಡು ಬಂದು, ಕಟ್ಟೆಯ ಮೇಲೆ ದೊಡ್ಡಪ್ಪನ ಪಕ್ಕ ಕೂತು, ಚಹಾ ಕುಡಿದು, ಗೀಟು ಎಳೆದು ಹೋಗುತ್ತಿದ್ದರು. ಮತ್ತೆ ಬರುತ್ತಿದ್ದರು. ನಮ್ಮ ಬಾಗಿಲ ಮೇಲೆ ಒಂದೇ ತಿಂಗಳಲ್ಲಿ ಗೀಟುಗಳ ಸಾಲೇ ಆಯಿತು. ಸಾಹೇಬರು ಅದನ್ನು ನೋಡಿ ಶಾಬಾಸ್ ಅಂದರಂತೆ.

ಹಿತ್ತಲಿನಲ್ಲಿ ಅವ್ವ ಮಾಸ್ತರರ ದನಿ ಕೇಳಿ ಕಿವಿ ಚುರುಕು ಮಾಡುತ್ತಿದ್ದಳು. ಅವರು ಹೋದ ಮೇಲೆ ನಡುಮನೆಯ ಬಾಗಿಲ ಮರೆಯಿಂದ ಕೇಳಿದಳು: “ಮಾಸ್ತರ್ರು ಯಾಕ ಬಂದಿದ್ರು?”

“ಊರಾಗಿನ ಹುಡುಗ್ರ ಲೆಕ್ಕ ಮಾಡಾಕತ್ಯಾರ,” ಅಂದ ದೊಡ್ಡಪ್ಪ. “ನೀ ನಿನ್ನ ಕೆಲಸ ನೋಡವಾ.”

ಅವ್ವನಿಗೆ ಓದಲು ಬರುತ್ತಿರಲಿಲ್ಲ. ಪೋಲಿಯೋ ಹನಿ ಹಾಕುವವರ ಗುರುತಿನಂತೆ ಇದೂ ಒಂದು ಅಂದುಕೊಂಡು, ಅಮಾವಾಸ್ಯೆಗೆ ಹೊಸ್ತಿಲು ಸಾರಿಸುವಾಗ ಒರೆಸಿ ಹಾಕುತ್ತಿದ್ದಳು. ಗಂಟು ಬಿಡಿಸುತ್ತಾ ಒಂದೇ ಮಾತು ಅನ್ನುತ್ತಿದ್ದಳು: “ಸಾಲಿಯವ್ರು ಒಂದು ಮಾತು ಬಂದು ಕೇಳಿದ್ರ, ಸೆರಗು ಹೋದ್ರ ಹೋಗಲಿ ಅಂತ ನಾನ ಕಟ್ಟಿ ಮುಂದ ಹೋಗಿ ನಿಲ್ತಿದ್ದೆ. ಅವ್ರಿಗೇ ಬ್ಯಾಡಾದ್ರ ನಾ ಏನ್ ಮಾಡ್ಲಿ.” ಅವಳಿಗೆ ಹೊರಗಿನವರ ಒಂದು ಮಾತಿನ ಆಸರೆ ಬೇಕಿತ್ತು. ಆ ಮಾತು ಕಟ್ಟೆಯವರೆಗೆ ಬಂದು ಬಂದು ವಾಪಸ್ಸು ಹೋಗುತ್ತಿತ್ತು. ಶಾಂತಕ್ಕ ಮಾತ್ರ ಅವ್ವನಿಂದ ದೂರ ಸರಿದು, ಮರದ ಆಚೆ ಬದಿಗೆ ಕೂರತೊಡಗಿದಳು. ಶಾಲೆ ತಪ್ಪಿದ ಸಿಟ್ಟು, ತಾನೇ ಹೋಗುತ್ತದೆ ಅಂದುಕೊಂಡೆವು. ಹೋಗಲಿಲ್ಲ. ಕುಷ್ಟಗಿಯ ಕಡೆ ಮದುವೆಯಾಗಿ ಹೋದ ಮೇಲೂ ಹಬ್ಬಕ್ಕೆ ಬಂದರೆ ಅವ್ವನೊಂದಿಗೆ ಅಳೆದು ತೂಗಿ ಮಾತಾಡಿ ಹೊರಟುಬಿಡುತ್ತಿದ್ದಳು.

ಅಕ್ಕನಿಗೆ ಮದುವೆ ಗೊತ್ತಾದ ವರ್ಷವೇ ದೊಡ್ಡಪ್ಪ ತೀರಿಕೊಂಡ, ಮನೆ ಪಾಲಾಯಿತು. ಅವ್ವ ಯಾರನ್ನೂ ಕೇಳದೆ ನನ್ನ ಕೈ ಹಿಡಿದು ಶಾಲೆಗೆ ಕರೆದೊಯ್ದಳು, ಕಾಲೇಜಿನವರೆಗೂ ಬಿಡಲಿಲ್ಲ. ಸಾಯುವವರೆಗೆ ಹನುಮಂತಪ್ಪ ಮಾಸ್ತರರ ಹೆಸರೆತ್ತಿದರೆ ಮುಖ ತಿರುವುತ್ತಿದ್ದಳು.

ಈಗ ನಾನೂ ಯಲಬುರ್ಗಾದ ಕಡೆ ಒಂದು ಶಾಲೆಯಲ್ಲಿ ಶಿಕ್ಷಕಿ. ಸೀಮೆಸುಣ್ಣ ಹೋಗಿ ಮೊಬೈಲ್ ಬಂದಿದೆ. ಮಗು ಬಾರದಿದ್ದರೆ ಫೋನು ಹಚ್ಚಬೇಕು, ‘ಪಾಲಕರನ್ನು ಸಂಪರ್ಕಿಸಲಾಗಿದೆ’ ಎಂಬುದರ ಎದುರು ಒತ್ತಬೇಕು, ಹಸಿರು ಗುರುತು ಮೂಡುತ್ತದೆ. ಹಸಿರು ಹೆಚ್ಚಿದ್ದರೆ ಸಭೆಯಲ್ಲಿ ಚಪ್ಪಾಳೆ. ಆ ಕಡೆ ಯಾರು ಎತ್ತಿಕೊಂಡರು, ಎತ್ತಿಕೊಂಡವರು ಒಳಗೆ ಹೋಗಿ ಯಾರಿಗೆ ಹೇಳಿದರು ಎಂದು ಅದೂ ಕೇಳುವುದಿಲ್ಲ. ಮದುವೆಗೆ ಹೋಗಿದ್ದೆ ಅಂದೆನಲ್ಲ, ಅಲ್ಲಿ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರು ಹನುಮಂತಪ್ಪ ಮಾಸ್ತರರು. ಹಣ್ಣಾಗಿದ್ದರು. ಯಾರ ಮಗಳೆಂದು ಹೇಳಿದೆ.

“ನಿಮ್ಮ ಅಕ್ಕ ಒಬ್ಬಾಕಿ ನನ್ನ ಕೈ ಮೀರಿ ಹೋದಳವಾ,” ಅಂದರು. “ಎಷ್ಟು ಸಲ ಬಂದೆ ನಿಮ್ಮ ಮನಿಗೆ. ನಿಮ್ಮ ದೊಡ್ಡಪ್ಪಗ ಮನಸ್ಸಿತ್ತು. ‘ನಂದೇನಿಲ್ರಿ, ಅವರವ್ವನೇ ಒಲ್ಲೆ ಅಂತಾಳ’ ಅಂತಿದ್ರು. ತಾಯಿನ ಬ್ಯಾಡ ಅಂದಮ್ಯಾಲೆ ನಾ ಏನ್ ಮಾಡ್ಲಿ.”

ಹಿತ್ತಲಿಗೆ ಬಂದು ಒಮ್ಮೆ ಕೇಳಬಾರದಿತ್ತೇ ಎಂದೆ. “ಹೆಣ್ಮಕ್ಕಳು ಕೂತಿರೋ ಕಡಿಗೆ ಹೆಂಗ ಬರ್ಲಿ?” ಅಂದರು. ಒಳ್ಳೆಯ ಮನುಷ್ಯ, ನಿಜವಾಗಿಯೂ ನೊಂದುಕೊಂಡಿದ್ದರು. ಎಲೆಯ ಮೇಲಿನ ಹೋಳಿಗೆ ಹಾಗೇ ಬಿಟ್ಟು ಎದ್ದೆ. ಸತ್ತವನನ್ನು ಬೈಯಬಾರದು ಅನ್ನುತ್ತಾರೆ. ದಾರಿಯುದ್ದಕ್ಕೂ ದೊಡ್ಡಪ್ಪನನ್ನು ಬೈದೆ.

ಮರುದಿನವೇ ಕುಷ್ಟಗಿಗೆ ಹೋದೆ. ಶಾಂತಕ್ಕ ಅಡುಗೆಮನೆಯಲ್ಲಿ ಕೂತು ಸೊಪ್ಪು ಸೋಸುತ್ತಿದ್ದಳು. ದೊಡ್ಡಪ್ಪ ಮಾಸ್ತರರಿಗೆ ಏನು ಹೇಳಿದ್ದ, ಅವ್ವನಿಗೆ ಏನು ಹೇಳಿದ್ದ, ಅವ್ವ ಹಿತ್ತಲಿನಲ್ಲಿ ಏನು ಅನ್ನುತ್ತಿದ್ದಳು, ಎಲ್ಲ ಹೇಳಿದೆ. ಅವಳ ಕೈ ನಿಂತಿತು.

“ಮಾಸ್ತರ್ರಿಗೆ ಚಹಾ ಒಯ್ತಿದ್ದಾಕಿ ನಾನ,” ಅಂದಳು. “‘ಅವರವ್ವನೇ ಒಲ್ಲೆ ಅಂತಾಳ’ ಅಂತ ದೊಡ್ಡಪ್ಪ ಅನ್ನೋದನ್ನ ಈ ಕಿವಿಲೆ ಕೇಳೇನಿ. ಅವ್ವನ್ನ ಕೇಳಲಿಲ್ಲ. ಕೇಳಿದ್ರ ಆಕಿ ಬಾಯಿಲೇ ಕೇಳಬೇಕಾಗ್ತದಲ್ಲ ಅಂತ ಅಂಜಿದೆ. ಆಮ್ಯಾಲೆ ನಿನ್ನ ಕೈ ಹಿಡ್ಕೊಂಡು ತಾನ ಸಾಲಿಗೆ ಹಚ್ಚಿ ಬಂದಳು. ಆವತ್ತ ನನ್ನ ಪಾಲಿಗೆ ಸತ್ತಳು ಅಂದ್ಕೊಂಡೆ.”

ಅವಳು ಸೊಪ್ಪಿನ ಬುಟ್ಟಿ ಬದಿಗೆ ಸರಿಸಿ, ಕೈ ಒರೆಸಿಕೊಂಡು, ನನ್ನ ಮುಖ ನೋಡದೆ ಅಂದಳು:

“ಅವ್ವ ಸಾಯೋ ಮುಂದ ದವಾಖಾನಿಯಿಂದ ಹೇಳಿ ಕಳಿಸಿದ್ದಳಲ್ಲ, ಶಾಂತಿನ್ನ ಒಮ್ಮೆ ನೋಡಬೇಕು ಅಂತ. ಜೋಳದ ರಾಶಿ ನಡದೈತಿ, ಬರಾಕ ಆಗಂಗಿಲ್ಲ ಅಂದಿದ್ದೆ. ರಾಶಿ ಇರಲಿಲ್ಲವ್ವಾ. ಸುಮ್ನ ಕೂತಿದ್ದೆ, ಇಲ್ಲೇ.”