ಏಳನೇ ಸುರುಳಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೀದಿಯ ತುದಿಯ ಷೆಡ್ಡಿನಲ್ಲಿ ಆಗಲೇ ಕೆಲಸ ಶುರುವಾಗಿದೆ. ಊರಿಗೆ ನೀರೆತ್ತುವ ಪಂಪಿನ ಸುಟ್ಟ ಮೋಟಾರು ಬೆಂಚಿನ ಮೇಲೆ ಹೊಟ್ಟೆ ತೆರೆದುಕೊಂಡು ಮಲಗಿದೆ. ಒಳಗೆ ಹೊಸ ತಾಮ್ರದ ತಂತಿ ಫಳಫಳ ಹೊಳೆಯುತ್ತಿದೆ. ವಾರ್ನಿಷ್ ಹೊಯ್ದು ಒಣಗಿಸಿದರೆ ಸಂಜೆಗೆ ಸಿದ್ಧ. ಇದೊಂದು ನೆಟ್ಟಗೆ ಓಡಿದರೆ ಇನ್ನೂ ಹತ್ತು ಮೋಟಾರು ಇದೇ ಷೆಡ್ಡಿಗೆ ಬರುತ್ತವೆ.

ಷೆಡ್ಡಿನ ಒಡತಿ ತಾಮ್ರಕ್ಕ ವಾರ್ನಿಷ್ ಡಬ್ಬಿಯ ಮುಚ್ಚಳ ತೆಗೆಯುತ್ತಾಳೆ. ಆಗ ನಾದಿನಿ ಬಾಯಿಬಿಡುತ್ತಾಳೆ. ನಿನ್ನೆ ಒಂದು ಸುರುಳಿ ಸುತ್ತುವಾಗ ಯಾರೋ ಮಾತಾಡಿಸಿದರಂತೆ, ಎಣಿಕೆ ತಪ್ಪಿತೋ ಏನೋ, ಆಗಿನಿಂದ ತುತ್ತು ಗಂಟಲಲ್ಲಿ ಇಳಿದಿಲ್ಲವಂತೆ.

“ಯಾವುದು?”

“ಏಳನೇದು ಅತ್ತಿಗೆ. ತಪ್ಪಿದೆಯೋ ಇಲ್ವೋ ನಂಗೇ ಗೊತ್ತಿಲ್ಲ.”

ತಾಮ್ರಕ್ಕ ಮುಚ್ಚಳ ಹಾಕಿಬಿಡುತ್ತಾಳೆ. ವಾರ್ನಿಷ್ ಬಿದ್ದು ಗಟ್ಟಿಯಾದರೆ ಆಮೇಲೆ ಸುರುಳಿ ಬಿಚ್ಚಲಾಗದು.

ಈ ಷೆಡ್ಡು ಎದ್ದು ಹನ್ನೆರಡು ವರ್ಷ. ಮೋಟಾರು ಸುತ್ತುತ್ತಿದ್ದ ಗಂಡನಿಗೆ ಕೈ ನಡುಕ ಬಂತು. ಪಕ್ಕದಲ್ಲಿ ಕೂತು ಸುತ್ತು ಎಣಿಸಿಕೊಡುತ್ತಿದ್ದ ಇವಳು ತಾನೇ ತಂತಿ ಹಿಡಿದಳು. ಹೆಂಗಸು ಕಟ್ಟಿದ ಮೋಟಾರು ಮೂರು ದಿನವೂ ಬಾಳದು ಎಂದು ನಕ್ಕ ಗಂಡಸರಿದ್ದರು. ಅವರ ಮನೆಯ ಮೋಟಾರುಗಳೂ ಈಗ ರಿಪೇರಿಗೆ ಬರುವುದು ಇಲ್ಲಿಗೇ! ಆರು ಹೆಂಗಸರು, ವಾರಕ್ಕೆ ಹದಿನೆಂಟು ಮೋಟಾರು. ನಿಯಮ ಒಂದೇ: ಸುತ್ತುತ್ತಿರುವವಳನ್ನು ಯಾರೂ ಮಾತಾಡಿಸುವಂತಿಲ್ಲ. ಮನೆಗೆ ಬೆಂಕಿ ಬಿದ್ದರೂ ಎಣಿಕೆ ಮುಗಿದ ಮೇಲೆ ಹೇಳಬೇಕು.

ಮೊದಲು ಯಾರು ತಪ್ಪಿದರೂ ಅವಳು ರೇಗಿ, ಕೈಯಿಂದ ಕೆಲಸ ಕಿತ್ತುಕೊಳ್ಳುತ್ತಿದ್ದಳು. ಇಬ್ಬರು ಕೆಲಸ ಬಿಟ್ಟೇ ಹೋದರು. “ಉಳಿದವರು ತಪ್ಪು ಮುಚ್ಚಿಡೋಕೆ ಶುರುಮಾಡಿದ್ರು. ಅದನ್ನ ಕಲಿಸಿದವಳು ನಾನೇ ಅಲ್ವಾ?” ಎನ್ನುತ್ತಾಳೆ.

ಇಂದು ಅವಳು ರೇಗುವುದಿಲ್ಲ. ನೇರ ಪಂಪ್‌ಹೌಸಿನ ಎಂಜಿನಿಯರಿಗೆ ಫೋನು ಮಾಡಿ, ಮೋಟಾರು ನಾಳೆ ಬೆಳಿಗ್ಗೆ ಸಿಗುತ್ತದೆ ಎನ್ನುತ್ತಾಳೆ. ಅವರು ಕೂಗಾಡುತ್ತಾರೆ, ಉಳಿದ ಹತ್ತೂ ಬೇರೆಯವರಿಗೆ ಹೋಗುತ್ತವೆ ಎಂದು ಹೆದರಿಸುತ್ತಾರೆ.

“ಕೊಡಿ ಸಾರ್. ಆದ್ರೆ ಅನುಮಾನ ಇರೋ ಮೋಟಾರನ್ನ ನಾನು ಕೊಡಲ್ಲ.”

ನಾದಿನಿಯ ಕೈಯಲ್ಲೇ ಸುರುಳಿ ಬಿಚ್ಚಿಸುತ್ತಾಳೆ. ಕತ್ತರಿಸಿ ತಂತಿಯ ತುದಿಗಳನ್ನು ಒಂದೊಂದಾಗಿ ಎಣಿಸಿದರೆ ಮೂವತ್ತೇಳು. ಇರಬೇಕಾದದ್ದು ನಲವತ್ತೆರಡು. ಹುಡುಗಿ ಮತ್ತೊಮ್ಮೆ ಎಣಿಸುತ್ತಾಳೆ, ಮೂವತ್ತೇಳೇ. ಮೂಲೆಯ ಸ್ಟೂಲಿನಿಂದ ಅವಳ ಅಣ್ಣ, ತಾಮ್ರಕ್ಕನ ಗಂಡ, “ತುತ್ತು ಹೇಗೆ ಇಳಿಯುತ್ತೆ, ಐದು ಸುತ್ತು ತಂತಿ ನುಂಗಿದ್ದೀಯಲ್ಲೇ” ಎಂದಾಗ ಷೆಡ್ಡೆಲ್ಲ ನಗು. ಮರುಸುತ್ತುವುದೂ ಅವಳೇ. ಅತ್ತಿಗೆ ಪಕ್ಕದಲ್ಲಿ ಕೈಕಟ್ಟಿ ಕೂರುತ್ತಾಳೆ, ತಂತಿ ಮುಟ್ಟುವುದಿಲ್ಲ.

ಮರುದಿನ ಬೆಳಿಗ್ಗೆ ಪಂಪ್‌ಹೌಸು. ಮೋಟಾರು ಗುಂಯ್ ಎಂದು ಎದ್ದು, ನೀರು ಧೋ ಎಂದು ಏರುತ್ತದೆ. ಎಂಜಿನಿಯರು ಮೀಟರು ಹಿಡಿದು ನೋಡುತ್ತಾರೆ: ಮೂರು ತಂತಿಯಲ್ಲೂ ಕರೆಂಟು ಒಂದೇ ಸಮ, ಎಂದರೆ ಸುತ್ತು ಎಲ್ಲೂ ತಪ್ಪಿಲ್ಲ. ಒಂದು ಗಂಟೆ ಕಳೆದು ಮತ್ತೆ ನೋಡುತ್ತಾರೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ! ಆಸಾಮಿ ಮೀಟರು ಕೆಳಗಿಟ್ಟು ತಾಮ್ರಕ್ಕನತ್ತ ತಿರುಗುತ್ತಾರೆ.

“ಉಳಿದ ಹತ್ತನ್ನ ಯಾವಾಗ ತಗೊಂಡು ಹೋಗ್ತೀರಮ್ಮ?”

ತಾಮ್ರಕ್ಕ ನಾದಿನಿಯತ್ತ ಕೈ ತೋರಿಸುತ್ತಾಳೆ. “ಅವಳನ್ನ ಕೇಳಿ ಸಾರ್. ಸುತ್ತಿದವಳು ಅವಳು.”

ಮುಂದೇನು ಆಸೆ ಎಂದು ಕೇಳಿದರೆ ತಾಮ್ರಕ್ಕ ಹೇಳುತ್ತಾಳೆ:

“ಒಂದು ವಾರ ನಾನು ಷೆಡ್ಡಿಗೆ ಹೋಗಬಾರದು. ಹೋಗಿಲ್ಲ ಅನ್ನೋದು ಯಾವ ಮೋಟಾರಿಗೂ ಗೊತ್ತಾಗಬಾರದು.”