ಧರಣಿ ಎಬ್ಬಿಸದೇ ಬಿಟ್ಟ ಬೆಳಿಗ್ಗೆ

"ಆಂಟಿ, ಸಮುದ್ರದ ಮಧ್ಯದಲ್ಲಿ ಕಕ್ಕ ಬಂದ್ರೆ ಎಲ್ಲಿಗೆ ಹೋಗ್ತಿದ್ರಿ?"

ನನ್ನ ಮಗಳು ಲಹರಿ ಇದನ್ನು ಕೇಳಿದ್ದು ಬಾಯಿ ತುಂಬ ಉಪ್ಪಿಟ್ಟು ಇಟ್ಟುಕೊಂಡು. ನಾನು ಕಣ್ಣು ಕೆಕ್ಕರಿಸಿದೆ. ಧರಣಿ ನಕ್ಕಳು.

"ಬಕೆಟ್ ಕಣೇ. ಆಮೇಲೆ ಗಾಳಿ ಯಾವ ಕಡೆಗಿದೆ ನೋಡ್ಕೊಂಡು ಚೆಲ್ಲಬೇಕು. ಮೊದಲನೇ ದಿನ ನೋಡ್ದೆ ಚೆಲ್ಲಿಬಿಟ್ಟೆ!"

ಲಹರಿ ನಕ್ಕ ರಭಸಕ್ಕೆ ಉಪ್ಪಿಟ್ಟೆಲ್ಲ ನೆಲಕ್ಕೆ.

ಧರಣಿ ನಮ್ಮ ಮೇಲಿನ ಮನೆಯವಳು. ತಾಯಿ ಸರೋಜಮ್ಮನ ಜೊತೆ ಇದ್ದಾಳೆ. ಗೋಕುಲಂನ ಒಂದು ಯೋಗಶಾಲೆಯ ಆಫೀಸಿನಲ್ಲಿ ಕೆಲಸ. ಅಲ್ಲಿಗೆ ಪ್ರತಿ ವರ್ಷ ಬರುವ ಇಂಗ್ರಿಡ್ ಅನ್ನುವ ವಿದೇಶಿ ಹೆಂಗಸಿಗೆ ಒಂದು ಪುಟ್ಟ ಹಾಯಿದೋಣಿ ಇದೆ. ಅರವತ್ತು ದಾಟಿದವರು. ರಜೆ ಸಿಕ್ಕಾಗಲೆಲ್ಲ ದೋಣಿ ನಿಲ್ಲಿಸಿದ್ದ ಕೊಚ್ಚಿಗೆ ಹೋಗಿ ಧರಣಿ ಅವರಿಂದ ಹಾಯಿ ಏರಿಸುವುದು ಇಳಿಸುವುದು ಕಲಿತಳು. ಈ ಜನವರಿಯಲ್ಲಿ ಇಬ್ಬರೇ ಕೊಚ್ಚಿಯಿಂದ ಸೀಶೆಲ್ಸ್ ದ್ವೀಪಗಳಿಗೆ ಹೊರಟರು. ದಾರಿಯಲ್ಲಿ ಏನಾಯಿತೆಂದು ಪೂರ್ತಿ ಹೇಳಿದ್ದು ಇವತ್ತೇ, ಲಹರಿ ಆಡಲು ಓಡಿದ ಮೇಲೆ.

ದೋಣಿಯ ಅಡುಗೆಮನೆ ನಮ್ಮ ದೇವರ ಗೂಡಿನಷ್ಟು. ಒಲೆ ಅಲೆಯ ಜೊತೆ ತೂಗಾಡುತ್ತದೆ, ಕುಕ್ಕರನ್ನು ಅದಕ್ಕೆ ಕಟ್ಟಿಹಾಕಬೇಕು. ಅಕ್ಕಿ ತೊಳೆಯಲು ಸಮುದ್ರದ ನೀರು, ಬೇಯಿಸಲು ಮಾತ್ರ ಸಿಹಿನೀರು. ಬಟ್ಟೆ ಒಣಗುವುದೇ ಇಲ್ಲ, ಉಪ್ಪು ಕೂತು ತೊಡೆಯೆಲ್ಲ ಹುಣ್ಣು. ದೋಣಿಯ ಒಳಗಿನಿಂದ ಮೇಲೆ ಬರುವಾಗ, ನೀರಿಗೆ ಬೀಳದಂತೆ ಸೊಂಟದ ಪಟ್ಟಿಯ ಕೊಂಡಿಯನ್ನು ದೋಣಿಗೆ ಸಿಕ್ಕಿಸಲೇಬೇಕು. ಒಬ್ಬರು ಮಲಗಿದರೆ ಇನ್ನೊಬ್ಬರು ಎಚ್ಚರ. ಇಂಗ್ರಿಡ್ ದಿನಾ ಹೇಳುತ್ತಿದ್ದದ್ದು ಒಂದೇ ಮಾತು: ಅನುಮಾನ ಬಂದರೆ ನನ್ನನ್ನು ಎಬ್ಬಿಸು.

"ಅದೊಂದೇ ನನ್ ಕೈಲಿ ಆಗ್ತಿರಲಿಲ್ಲ," ಅಂದಳು ಧರಣಿ. "ನಮ್ಮಪ್ಪಂಗೆ ಕಡಕೊಳದ ಫ್ಯಾಕ್ಟರೀಲಿ ನೈಟ್ ಶಿಫ್ಟು ಕಣಕ್ಕ. ಹಗಲು ಮಲಗೋರು. ಒಂದು ಲೋಟ ಬಿದ್ರೂ ಅಮ್ಮ ಕಣ್ಣಲ್ಲೇ ಸುಟ್ಬುಡೋರು. ಮಲಗಿರೋ ದೊಡ್ಡೋರನ್ನ ಮುಟ್ಟಿ ಎಬ್ಬಿಸೋಕೆ ನಂಗೆ ಕೈಯೇ ಬರಲ್ಲ."

ಅರ್ಧ ದಾರಿ ಸವೆದಿದ್ದ ಒಂದು ಬೆಳಿಗ್ಗೆ, ಇಂಗ್ರಿಡ್ ರಾತ್ರಿಯೆಲ್ಲ ಚುಕ್ಕಾಣಿ ಹಿಡಿದು ಆಗತಾನೆ ಒರಗಿದ್ದರು. ದೂರದಲ್ಲಿ ಒಂದು ಕರಿ ಮೋಡ ಎದ್ದಿತು. ಅದರ ಕೆಳಗೆ ನೀರು ಬೆಳ್ಳಗೆ ನೊರೆಯಾಗುತ್ತಿತ್ತು. ಹಾಯಿ ತಗ್ಗಿಸಬೇಕು, ಅದಕ್ಕೆ ಇಬ್ಬರು ಬೇಕು. ಧರಣಿ ಮೆಟ್ಟಿಲವರೆಗೆ ಹೋದಳು. ಕೆಳಗೆ ಅವರು ಬಾಯಿ ತೆರೆದುಕೊಂಡು, ಒಂದು ಕಾಲಿಗೆ ಮಾತ್ರ ಸಾಕ್ಸ್ ಹಾಕಿಕೊಂಡು ಮಲಗಿದ್ದರು. ಇನ್ನೈದು ನಿಮಿಷ ಮಲಗಲಿ ಪಾಪ ಅಂತ ವಾಪಸ್ ಬಂದಳು.

ಗಾಳಿ ಅಷ್ಟು ಹೊತ್ತು ಕಾಯಲಿಲ್ಲ. ದೋಣಿ ಒಂದು ಪಕ್ಕಕ್ಕೆ ವಾಲಿ ಮಲಗಿತು. ಪಾತ್ರೆಗಳು ಉರುಳಿದ ಸದ್ದಿಗೆ ಇಂಗ್ರಿಡ್ ಎದ್ದವರೇ ಪಟ್ಟಿ ಹಾಕಿಕೊಳ್ಳದೆ ಓಡಿಬಂದರು. ಹಾಯಿಯ ಬುಡದ ಅಡ್ಡಕೋಲು ಬೀಸಿಬಂದು ಅವರ ಭುಜಕ್ಕೆ ಹೊಡೆಯಿತು. ದೋಣಿಯಂಚಿನ ಕಂಬಿಯಾಚೆ ಅವರ ಅರ್ಧ ಮೈ ನೀರಿನ ಮೇಲೆ. ಧರಣಿ ಚುಕ್ಕಾಣಿ ಬಿಟ್ಟು ಹಾರಿ ಅವರ ಕಾಲು ಹಿಡಿದಳು.

"ಒಂದು ಅಲೆ ಅವರನ್ನ ಎಳೀತು. ಇನ್ನೊಂದು ಬಂದು ತಂದು ನನ್ನ ಮೇಲೇ ಹಾಕ್ತು. ನಾನೇನೂ ಎಳ್ಕೊಂಡಿದ್ದಲ್ಲ ಅಕ್ಕ."

ಭುಜದ ಮೂಳೆ ಮುರಿದಿತ್ತು. ಚೂಡಿದಾರದ ವೇಲಿನಿಂದ ಕೈಯನ್ನು ಎದೆಗೆ ಕಟ್ಟಿ ಮಲಗಿಸಿದಳು. ಇನ್ನೂ ಅರ್ಧ ದಾರಿ ಬಾಕಿ. ಅಲ್ಲಿಂದ ಮುಂದೆ ಅಲಾರಂ ಇಟ್ಟು ಕಾಲು ಗಂಟೆ ಕೂತಲ್ಲೇ ನಿದ್ದೆ, ಎದ್ದು ಸುತ್ತಲೂ ಹಡಗಿದೆಯೇ ನೋಡುವುದು, ಮತ್ತೆ ಕಾಲು ಗಂಟೆ. ನಡುವೆ ಗಂಜಿ ಬೇಯಿಸಿ ಅವರಿಗೆ ಚಮಚದಲ್ಲಿ ತಿನ್ನಿಸುವುದು.

ಒಂದು ಮಧ್ಯಾಹ್ನ ದೊಡ್ಡ ಸರಕು ಹಡಗು ನೇರ ಇವರತ್ತಲೇ ಬರುತ್ತಿತ್ತು. ಎಡಕ್ಕೆ ತಿರುಗಿಸಬೇಕೋ ಬಲಕ್ಕೋ, ಗಾಬರಿಯಲ್ಲಿ ಮರೆತೇಹೋಯಿತು. ಇಂಗ್ರಿಡ್ ನೋವಿನ ಮಾತ್ರೆ ನುಂಗಿ ಆಗಷ್ಟೇ ಕಣ್ಣು ಮುಚ್ಚಿದ್ದರು. ಧರಣಿ ಈ ಸಲ ಮೆಟ್ಟಿಲಲ್ಲಿ ನಿಲ್ಲಲಿಲ್ಲ, ಇಳಿದು ಕಾಲು ಹಿಡಿದು ಅಲ್ಲಾಡಿಸಿದಳು.

"ಬದುಕಿದೀನಿ, ಉಳಿದ ಮೂಳೆ ಮುರೀಬೇಡ!" ಅಂತ ಕಿರುಚಿದರಂತೆ. ಆಮೇಲೆ, "ಬಲಕ್ಕೆ."

ಹಡಗು, ಅದರ ಮೈಮೇಲಿನ ತುಕ್ಕು ಕಾಣುವಷ್ಟು ಹತ್ತಿರದಲ್ಲಿ ಹಾದುಹೋಯಿತಂತೆ. ಕೇಳುತ್ತಾ ಕೂತಿದ್ದ ನನ್ನ ಕೈಯಲ್ಲಿದ್ದ ಕಾಫಿ ತಣ್ಣಗಾಗಿತ್ತು.

ಸೀಶೆಲ್ಸ್ ದಡವೇನೋ ಸೇರಿದರು, ಧರಣಿ ವಿಮಾನದಲ್ಲಿ ಮನೆಗೆ ಮರಳಿದಳು. ದೋಣಿ ಮಾತ್ರ ಇನ್ನೂ ಅಲ್ಲೇ ಇದೆ. ಮೇ ತಿಂಗಳ ಗಾಳಿ ಹಿಡಿದು ಅದನ್ನು ವಾಪಸ್ ತರಬೇಕು, ಧರಣಿ ಮತ್ತೆ ಹೊರಟಿದ್ದಾಳೆ. ಸರೋಜಮ್ಮ ಮಗಳ ಜೊತೆ ಮಾತು ಬಿಟ್ಟಿದ್ದಾರೆ. ನನಗೂ ಸಿಟ್ಟು ಬಂತು.

"ಬುದ್ಧಿ ಇದೆಯಾ ನಿಂಗೆ? ಅಮ್ಮನ ಮುಖ ನೋಡಿದ್ಯಾ?"

"ನಾನು ಹೋಗದಿದ್ರೆ ಅವರೊಬ್ಬರೇ ಹೊರಡ್ತಾರೆ ಅಕ್ಕ. ಆ ಕೈಯನ್ನ ಇನ್ನೂ ತಲೆ ಮೇಲೆ ಎತ್ತೋಕಾಗಲ್ಲ ಅವರಿಗೆ."

ಅವಳು ಲಹರಿ ಚೆಲ್ಲಿದ ಉಪ್ಪಿಟ್ಟನ್ನು ಒಟ್ಟು ಮಾಡುತ್ತಾ, ಮುಖ ನೋಡದೆ ಮಾತು ತೆಗೆದಳು. ದೋಣಿಯಿಂದ ದಿನಕ್ಕೊಂದು ಮೆಸೇಜು ದಡದಲ್ಲಿರುವ ಒಬ್ಬರ ಫೋನಿಗೆ ಬರುತ್ತದಂತೆ. ಬರದಿದ್ದರೆ ಸಮುದ್ರದಲ್ಲಿ ಹುಡುಕುವ ರಕ್ಷಣಾ ದಳಕ್ಕೆ ಅವರು ತಿಳಿಸಬೇಕು.

"ಅಮ್ಮನ ನಂಬರ್ ಕೊಡೋಕಾಗಲ್ಲ, ಒಂದು ಗಂಟೆ ತಡ ಆದ್ರೂ ಉಸಿರು ಕಟ್ಕೊಂಡ್ಬುಡ್ತಾರೆ. ನಿಮ್ಮದು ಕೊಡ್ಲಾ ಅಕ್ಕ? ಒಂದು ಇಡೀ ದಿನ ಸುದ್ದಿ ಬರ್ಲಿಲ್ಲ ಅಂದ್ರೆ ಆ ದಳದೋರಿಗೆ ಫೋನ್ ಮಾಡಿ. ಹಬ್ಬ, ಭಾನುವಾರ, ಹೊತ್ತಲ್ಲದ ಹೊತ್ತು, ಏನೂ ನೋಡ್ಬೇಡಿ. ಪಾಪ ಮಲಗಿರ್ತಾರೇನೋ ಅಂತ ಕಾಯ್ಬೇಡಿ. ಎಬ್ಬಿಸಿಬಿಡಿ."