ಒಂದು ಗೇಣು ದೂರ

ನಮ್ಮ ಕಾಲೇಜಿನ ವಿದೇಶ ಅಧ್ಯಯನ ಪ್ರವಾಸದಲ್ಲಿ ಎಲ್ಲರಿಗಿಂತ ಹೆಚ್ಚು ಜೋಪಾನವಾಗಿ ಹೋಗಿ ಬಂದದ್ದು ಬ್ಯಾನರ್. ಬೆಳಗಾವಿಯಲ್ಲೇ ಮಾಡಿಸಿ, ಸುರುಳಿ ಸುತ್ತಿ, ವಿಯೆಟ್ನಾಮಿನವರೆಗೆ ಕೈಕೂಸಿನಂತೆ ಹೊತ್ತುಕೊಂಡು ಹೋದವಳು ನಾನೇ. ಎಲ್ಲಿ ಇಳಿದರೂ ಮೊದಲು ಅದನ್ನು ಬಿಚ್ಚಬೇಕು, ಮಕ್ಕಳನ್ನು ಹಿಂದೆ ನಿಲ್ಲಿಸಬೇಕು, ಫೋಟೊ ತೆಗೆಸಬೇಕು. ಆಮೇಲೆ ಪುರಸೊತ್ತಿದ್ದರೆ ಅಲ್ಲೇನಿದೆ ಎಂದು ನೋಡಬಹುದು. ಕೆಲವು ವರ್ಷಗಳಿಗೊಮ್ಮೆ ಕಾಲೇಜಿನ ಗುಣಮಟ್ಟ ಅಳೆಯಲು ಪರಿಶೀಲನಾ ತಂಡವೊಂದು ಬರುತ್ತದೆ. ಫೋಟೊಗಳೆಲ್ಲ ಅವರಿಗಾಗಿ.

ನಾನು ಆ ಕಾಲೇಜಿನಲ್ಲಿ ಬಿಬಿಎ ಮಕ್ಕಳಿಗೆ ಪಾಠ ಮಾಡುತ್ತೇನೆ. ಎರಡನೇ ವರ್ಷದಲ್ಲಿ ಒಬ್ಬ ಹುಡುಗಿ ಇದ್ದಳು. ದಿನಾ ಖಾನಾಪುರದಿಂದ ಬಸ್ಸಿನಲ್ಲಿ ಬರುತ್ತಿದ್ದಳು, ಕುಂಬಾರರ ಮನೆಯವಳು. ಪ್ರವಾಸದ ಪಟ್ಟಿಯಲ್ಲಿ ಕುಂಬಾರರದೇ ಒಂದು ಊರಿತ್ತು, ಅಲ್ಲಿನ ಮಡಿಕೆ ಕುಡಿಕೆ ದೇಶ ದೇಶಕ್ಕೆ ಹೋಗುತ್ತವೆ. ಒಂದು ಪೂರ್ತಿ ದಿನ ಅಲ್ಲಿರುವುದೆಂದು ಬರೆದಿತ್ತು. ಚೆನ್ನಾಗಿ ಓದುವ ಒಂದಿಬ್ಬರ ಖರ್ಚನ್ನು ಕಾಲೇಜೇ ಹಾಕುತ್ತಿತ್ತು. ನಾನು ಮೊದಲು ಬರೆದ ಹೆಸರು ಅವಳದು.

ಅವಳ ಮನೆಯವರನ್ನು ಒಪ್ಪಿಸಲು ಜನವರಿಯಲ್ಲಿ ಖಾನಾಪುರಕ್ಕೆ ಹೋದೆ. ತಂದೆ ಗಡಿಗೆ ಮಾಡುವ ತಿಗರಿಯ ಮುಂದಿನಿಂದ ಎದ್ದು ಕೈ ತೊಳೆದು ಬಂದರು. ತಾಯಿ ಮರಾಠಿಯಲ್ಲಿ ಏನೋ ಅಂದರು. ಬೇಡವೆಂದೇ ಅಂದದ್ದು, ಮುಖ ನೋಡಿದರೆ ತಿಳಿಯುತ್ತಿತ್ತು.

"ಹೆಣ್ ಹುಡುಗಿ ಐತ್ರಿ ಅಕ್ಕೋರ, ಅಷ್ಟ ದೂರ ಹ್ಯಾಂಗ ಕಳಸೂದ್ರಿ?" ಅಂದರು ತಂದೆ.

"ನಾ ಬಾಜೂಕ ಇರ್ತೀನ್ರಿ. ನನ್ನ ಖೋಲ್ಯಾಗ ಮಲಗತಾಳ. ನನ್ನ ಮಗಳಂತ ತಿಳಕೋರಿ."

ತಂದೆ ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡರು. ಆಮೇಲೆ ಕೇಳಿದರು. "ಆ ಕಡೆ ಮಳಿ ನಮ್ಮಂಗ ಹೊಡೀತೈತಂತ, ಖರೇ ಏನ್ರಿ?"

ಖರೇ ಅಂದೆ. ಅವರ ಮುಖ ಬೇರೆಯೇ ಆಯಿತು. ಖಾನಾಪುರದ ಮಳೆ ಕಂಡವರಿಗೆ ಗೊತ್ತು, ನಾಲ್ಕು ತಿಂಗಳು ಏನೂ ಒಣಗುವುದಿಲ್ಲ. ಹಸಿ ಗಡಿಗೆ ಒಣಗದಿದ್ದರೆ ಸುಡಲು ಭಟ್ಟಿಗೆ ಇಡುವಂತಿಲ್ಲ. ಅಷ್ಟು ದಿನ ತಿಗರಿ ನಿಂತೇ ಹೋಗುತ್ತಿತ್ತು, ಅವರು ಹಂಚು ಹೊರುವ ಕೂಲಿಗೆ ಹೋಗುತ್ತಿದ್ದರು.

"ಮಳಿಗಾಲದಾಗ ಅವ್ರು ಹಸಿ ಗಡಿಗಿ ಹ್ಯಾಂಗ ಒಣಗಸ್ತಾರ, ಅದೊಂದ ನೋಡ್ಕೊಂಡ ಬರಲಿ. ಕರ್ಕೊಂಡ ಹೋಗ್ರಿ."

ಪಾಸ್‌ಪೋರ್ಟೂ ಬಂತು. ಹುಡುಗಿ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕ್ಲಾಸಿಗೇ ತಂದು ತೋರಿಸಿದಳು.

ಏಪ್ರಿಲಿನಲ್ಲಿ ಪ್ರಾಂಶುಪಾಲರು ನನ್ನನ್ನು ಕರೆದು, ಚಹಾ ತರಿಸಿ, ಒಂದು ಹೆಸರು ಬದಲಾಗಿದೆ ಎಂದರು. ಸಂಸ್ಥೆಯ ಹಿರಿಯರೊಬ್ಬರ ಮೊಮ್ಮಗಳು, ಇಲ್ಲೇ ಸದಾಶಿವನಗರದ ಬಂಗಲೆಯವಳು, ನಮ್ಮ ವಿಭಾಗದವಳೂ ಅಲ್ಲ. "ಆ ಖಾನಾಪುರದಾಕೀನ್ನ ಮುಂದಿನ ವರ್ಷ ನೋಡೂಣು. ನೀವು ತಿಳದವ್ರದೀರಿ, ನಿಮಗೇನ್ ಬಿಡಿಸಿ ಹೇಳೂದು?"

ಕ್ಲಾಸಿನಲ್ಲಿ ನನ್ನ ಬಾಯಿಗೆ ಹೆದರದ ಮಕ್ಕಳಿಲ್ಲ. ಮನೆಯಲ್ಲಂತೂ ಕೇಳುವುದೇ ಬೇಡ. ಆ ಕೋಣೆಯಲ್ಲಿ ಮಾತ್ರ ಅದೇ ಬಾಯಿಗೆ ಬೀಗ ಬಿತ್ತು. ಕಾರಣ ಹೇಳಿಬಿಡುತ್ತೇನೆ. ನಾನೂ ಅಲ್ಲಿಯವರೆಗೆ ವಿಮಾನ ಹತ್ತಿದವಳಲ್ಲ. ಮಹಾಂತೇಶ ನಗರದ ನಮ್ಮ ಓಣಿಗೆಲ್ಲ ಸುದ್ದಿ ಹಬ್ಬಿಸಿಯಾಗಿತ್ತು, ಹೊಸ ಚಪ್ಪಲಿ ತಂದಾಗಿತ್ತು. ಜಗಳ ತೆಗೆದರೆ ಎರಡನೇ ಹೆಸರಾಗಿ ನನ್ನದೇ ಬದಲಾಗುತ್ತಿತ್ತು. ಚಹಾ ಕುಡಿದು ಎದ್ದು ಬಂದೆ.

ಹುಡುಗಿಗೆ ಹೇಳಿದೆ. ಅಳುತ್ತಾಳೆ, ಸಮಾಧಾನ ಮಾಡಿದರಾಯಿತು ಎಂದುಕೊಂಡಿದ್ದೆ. ಅವಳು ಅಳಲಿಲ್ಲ. ಮರುದಿನ ನಾಲ್ಕು ಮಡಿಕೆ ಮಾಡಿದ ಒಂದು ಹಾಳೆ ಕೊಟ್ಟಳು. "ಅಪ್ಪ ಇವನ್ನ ಕೇಳಂದಾನ್ರಿ ಮೇಡಂ. ನೀವರ ಕೇಳ್ಕೊಂಡ ಬರ್ರಿ." ಅದರಲ್ಲಿ ಏಳು ಪ್ರಶ್ನೆಗಳಿದ್ದವು, ಮೊದಲನೆಯದು ಹಸಿ ಗಡಿಗೆಯದು. ಅದನ್ನು ಪರ್ಸಿನಲ್ಲಿಟ್ಟುಕೊಂಡೆ.

ಮೇ ತಿಂಗಳಲ್ಲಿ ಹೋದೆವು. ಕುಂಬಾರರ ಊರಿಗೆ ಹೋಗುವ ದಿನ ಮಕ್ಕಳು ಹೋಟೆಲಿನಿಂದ ಎದ್ದು ಹೊರಟಾಗಲೇ ಹೊತ್ತೇರಿತ್ತು. ದಾರಿಯಲ್ಲಿ ಒಂದು ದೊಡ್ಡ ಮಾಲ್ ಕಂಡಿತು, ಎಲ್ಲರೂ ಇಳಿದರು. ಊರು ಮುಟ್ಟಿದಾಗ ಸಂಜೆ, ಜೊತೆಗೆ ಮಳೆ. ಆ ಹಿರಿಯರ ಮೊಮ್ಮಗಳು ಚಪ್ಪಲಿಗೆ ಕೆಸರಾಗುತ್ತದೆಂದು ಬಸ್ಸಿನಲ್ಲೇ ಕುಳಿತು, ಫೋಟೊಗೆ ಮಾತ್ರ ಇಳಿದಳು. ಬ್ಯಾನರ್ ಬಿಚ್ಚಿದೆವು, ಸುತ್ತಿದೆವು. ದೂರದಲ್ಲಿ ಒಂದು ಉದ್ದನೆಯ ಚಪ್ಪರದ ಕೆಳಗೆ ಮುದುಕಿಯೊಬ್ಬಳು ಹಸಿ ಮಡಿಕೆಗಳನ್ನು ಒಂದೊಂದಾಗಿ ತಿರುಗಿಸಿ ಇಡುತ್ತಿದ್ದಳು. ಹತ್ತಿರ ಹೋಗಬೇಕೆಂದು ಎರಡು ಹೆಜ್ಜೆ ಇಟ್ಟೆ. ಬಸ್ಸಿನವನು ಹಾರ್ನ್ ಹಾಕಿದ. ನಾನು ಹಿಂದಿರುಗಿದೆ. ಎಲ್ಲ ಸೇರಿ ಇಪ್ಪತ್ತು ನಿಮಿಷ.

ಜೂನಿನಲ್ಲಿ ಪ್ರವಾಸದ ವರದಿ ಬರೆಯುವ ಪ್ರಶ್ನೆ ಬಂತು. ಹೋಗಿ ಬಂದವರಲ್ಲಿ ನಾಲ್ಕು ಸಾಲು ನೆಟ್ಟಗೆ ಬರೆಯುವವರು ಒಬ್ಬರೂ ಇರಲಿಲ್ಲ. ಬರೆಯಬಲ್ಲವಳು ಹೋಗಿರಲಿಲ್ಲ. ನಾಚಿಕೆ ಬಿಟ್ಟು ಅವಳನ್ನೇ ಕರೆದೆ. ಉಣ್ಣಲು ಕರೆಯದೆ ಎಂಜಲೆಲೆ ತೆಗೆಯಲು ಕರೆದಂತೆ ಆಯಿತು, ಆದರೂ ಅವಳು ಹೂಂ ಅಂದಳು. ಸ್ಟಾಫ್ ರೂಮಿನಲ್ಲಿ ನನ್ನೆದುರು ಕುಳಿತು ಪೆನ್ನು ಬಿಚ್ಚಿದಳು.

"ಹಸಿ ಗಡಿಗಿ ಹ್ಯಾಂಗ ಒಣಗಸ್ತಾರಂತ್ರಿ ಮೇಡಂ?"

ಕೇಳಲಿಲ್ಲ ಎಂದು ಹೇಳಬಹುದಿತ್ತು. ಪಕ್ಕದಲ್ಲಿ ಸಹೋದ್ಯೋಗಿಗಳು ಕುಳಿತಿದ್ದರು. ಅವಳು ಅಷ್ಟು ಆಸೆಯಿಂದ ನೋಡುತ್ತಿದ್ದಳು. ಬಾಯಿಗೆ ಬಂದದ್ದನ್ನು ಹೇಳಿದೆ. "ಭಟ್ಟಿ ಗೋಡೀಗುಂಟ ಸಾಲಾಗಿ ಇಡತಾರ. ಒಳಗಿನ ಕಾವಿಗೆ ಎರಡ ದಿನದಾಗ ಒಣಗತಾವಂತ."

ಅವಳು ಸರಸರ ಬರೆದುಕೊಂಡಳು. ಉಳಿದ ಆರು ಪ್ರಶ್ನೆಗಳಿಗೂ ಹಾಗೆಯೇ ಉತ್ತರ ಹುಟ್ಟಿಸಿದೆ. ವರದಿ ಎಷ್ಟು ಚೆನ್ನಾಗಿತ್ತೆಂದರೆ, ಓದಿದ ನನಗೇ ಅಲ್ಲಿಗೊಮ್ಮೆ ಹೋಗಿ ಬರಬೇಕೆನಿಸಿತು.

ಆಗಸ್ಟಿನಲ್ಲಿ ಪರಿಶೀಲನಾ ತಂಡ ಬರುವುದೆಂದಾಯಿತು. ವರದಿಯನ್ನು ಅವಳೇ ಓದಲಿ, ಹೋಗಿ ಬಂದವಳ ಹಾಗೆಯೇ ಓದಲಿ ಎಂದು ಪ್ರಾಂಶುಪಾಲರ ಅಪ್ಪಣೆ. ಅವಳು ಒಂದು ವಾರದಿಂದ ಕಾಲೇಜಿಗೆ ಬಂದಿರಲಿಲ್ಲ, ಫೋನ್ ಎತ್ತುತ್ತಿರಲಿಲ್ಲ. ಮತ್ತೆ ಖಾನಾಪುರದ ಬಸ್ಸು ಹತ್ತಿದೆ.

ಅಂಗಳದಲ್ಲಿ ಗಡಿಗೆಗಳ ಗುಡ್ಡೆ ಬಿದ್ದಿತ್ತು. ಒಂದಕ್ಕೂ ಬೆಂಕಿ ತಾಗಿರಲಿಲ್ಲ, ಎಲ್ಲವೂ ಹಸಿಯಲ್ಲೇ ಬಾಯಿಂದ ಬುಡದವರೆಗೆ ಸೀಳಿದ್ದವು. ಮೇಲೆ ಮಳೆ ಸುರಿದು ಅರ್ಧ ಮತ್ತೆ ಮಣ್ಣಾಗಿತ್ತು. ಹುಡುಗಿ ಒಡೆದ ಗಡಿಗೆಗಳನ್ನು ಬುಟ್ಟಿಗೆ ತುಂಬುತ್ತಿದ್ದಳು. ವಾರದಿಂದ ಇದೇ ಕೆಲಸವಂತೆ.

ತಂದೆ ಓಡಿ ಬಂದು ಕುರ್ಚಿ ಹಾಕಿದರು. "ಬರ್ರಿ ಅಕ್ಕೋರ, ಕುಂದರ್ರಿ. ನಮ್ಮ ಕಡೀಂದ ತಪ್ಪಾತ್ರಿ."

ನಾನು ಕುರ್ಚಿಯಲ್ಲಿ ಕುಳಿತೆ.

"ನೀವು ಹೇಳ್ದಂಗ ಖಾಲಿ ಭಟ್ಟಿಗೆ ಉರಿ ಹಾಕಿ ಗೋಡೀಗುಂಟ ಇಟ್ಟೆ. ನಮ್ಮಪ್ಪ ಇದ್ದಾಗ ಹಂಗ ಇಡಬ್ಯಾಡೋ, ಒಂದ ಮೈ ಕಾವು ಕುಡದ್ರ ಗಡಿಗಿ ಸೀಳತೈತಿ ಅಂತಿದ್ದ. ಆದ್ರ ಅಂವಗೇನ ಗೊತ್ರಿ, ಖಾನಾಪುರ ಬಿಟ್ಟ ಹೋದಾವಲ್ಲ. ನೀವು ಕಣ್ಣಾರೆ ನೋಡಿ ಬಂದೀರಿ. ನಾನ ಎಲ್ಲೋ ಎಡವಿದೆ." ಅವರು ಕೂಲಿಗೂ ಹೋಗದೆ ಜುಲೈ ಒಂದು ತಿಂಗಳು ಪೂರ್ತಿ ಗಡಿಗೆ ಮಾಡಿದ್ದರು. ಭಟ್ಟಿಯ ಕಡೆ ಕೈ ಮಾಡಿ ಕೇಳಿದರು. "ಗೋಡೀಂದ ಎಷ್ಟ ದೂರ ಇಟ್ಟಿದ್ರು ಅವ್ರು? ಅದೊಂದ ಹೇಳ್ರಿ."

ಹುಡುಗಿ ಬುಟ್ಟಿ ಕೆಳಗಿಟ್ಟು ನನ್ನನ್ನೇ ನೋಡಿದಳು.

ಆಗಲಾದರೂ ಹೇಳಬೇಕಿತ್ತು. ಒಂದು ತಿಂಗಳ ಬೆವರನ್ನು ಮಣ್ಣು ಮಾಡಿ, ಅವರು ಹಾಕಿದ ಕುರ್ಚಿಯಲ್ಲಿ ಕುಳಿತು, ನಾನು ಅಂದೆ. "ಒಂದ ಗೇಣ ದೂರ ಇತ್ರಿ."

ಅವರು ಮಣ್ಣು ಮೆತ್ತಿದ ಕೈಯಗಲಿಸಿ ಗೋಡೆಗೆ ಹಚ್ಚಿ ಅಳೆದರು. ಹೆಬ್ಬೆರಳು ಗೋಡೆಗೆ ಊರಿ, ಕಿರುಬೆರಳು ಮುಟ್ಟಿದಲ್ಲಿ ನೆಲದ ಮೇಲೆ ಒಂದು ಗೀಟು ಎಳೆದರು. "ಅದಕ್ಕರಿ ಮತ್ತ. ನಾ ತಾಗಿಸೇ ಇಟ್ಟಿದ್ದೆ," ಎಂದು ನಕ್ಕರು.

ವರದಿ ಓದುವ ವಿಷಯವನ್ನು ಹೇಗೆ ತೆಗೆದೆನೋ ನೆನಪಿಲ್ಲ. ಹುಡುಗಿ ಬರಂಗಿಲ್ರಿ ಅಂದಳು, ಅಷ್ಟೇ. ಆದರೂ ಬಸ್ ಸ್ಟ್ಯಾಂಡಿನವರೆಗೆ ಕೊಡೆ ಹಿಡಿದುಕೊಂಡು ಬಂದಳು. ಮಾರ್ಕೆಟ್ ದಾಟಿದ ಮೇಲೆ ಕೇಳಿದಳು.

"ಅಲ್ಲಿ ಎಷ್ಟ ಹೊತ್ತ ಇದ್ರಿ ಮೇಡಂ?"

"ಇಪ್ಪತ್ತ ನಿಮಿಷ."

"ನನ್ನ ಹಾಳಿ ತಗದಿದ್ರ್ಯಾ?"

"ಇಲ್ಲ."

ಅವಳು ತಲೆಯಾಡಿಸಿದಳು. ಕೊಡೆ ನನ್ನ ಕಡೆಗೇ ವಾಲಿತ್ತು, ಅವಳ ಒಂದು ಭುಜ ಪೂರ್ತಿ ತೊಯ್ದಿತ್ತು. ಬಸ್ಸು ಬಂತು. ನಾನು ಮೆಟ್ಟಿಲ ಮೇಲೆ ಕಾಲಿಟ್ಟಾಗ ಅಂದಳು. "ಇನ್ನೊಮ್ಮೆ ಇಡಬ್ಯಾಡ ಅಂತ ಅಪ್ಪಗ ನಾನ ಹೇಳ್ತೀನ್ರಿ. ಅಲ್ಲಿ ಮಣ್ಣ ಬ್ಯಾರೆ ಐತಂತ, ನಮ್ಮ ಮಣ್ಣಿಗೆ ಅದು ಹೊಂದಂಗಿಲ್ಲಂತ ಅಂತೀನಿ. ನಿಮ್ಮ ಸುದ್ದಿ ಹೇಳಂಗಿಲ್ರಿ."

ನನ್ನ ಮಾನ ಉಳಿಸಲು ಆ ಹುಡುಗಿ ತನ್ನ ತಂದೆಗೆ ಸುಳ್ಳು ಹೇಳುವವಳಿದ್ದಳು. ಅಷ್ಟು ದೊಡ್ಡ ಅಧ್ಯಯನ ಪ್ರವಾಸದಿಂದ ನಾನು ಅವಳಿಗೆ ಕಲಿಸಿದ್ದು ಅದೊಂದೇ.